ಯೋರ್ಗೊಸ್ ಎಂದರೆ ನೆಲ ಗೇಯುವವನು

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಂಡದಲ್ಲಿ ಅಥೆನ್ಸ್‌ನವರೊಬ್ಬರಿದ್ದಾರೆ. ಇಮೇಲ್‌ನಲ್ಲಿ ಅವರ ಹೆಸರನ್ನು ನಾವೆಲ್ಲ 'ಜಾರ್ಜಿಯೋಸ್' ಎಂದು ಓದಿಕೊಂಡಿದ್ದೆವು. ಅವರು ತಮ್ಮನ್ನು 'ಯೋರ್ಗೊಸ್' ಎಂದು ಪರಿಚಯಿಸಿಕೊಂಡರು. ಊರಿನಿಂದ ಫೋನ್ ಬಂದರೆ ಅತ್ತಲಿನವರು 'ಯೋರ್ಗೊ' ಎನ್ನುವುದು ಕೇಳಿಸುತ್ತದೆ. ಇವೆಲ್ಲ ಒಂದೇ ಹೆಸರೇ? ಜಾರ್ಜ್ ಎಂಬುದೂ ಇದೇ ಹೆಸರೇ? ಅರ್ಥ 'ರೈತ' ಎಂದು ಒಂದು ಕಡೆ ಓದಿದೆ. ಸಂಸ್ಕೃತದ 'ಗೋ' ಶಬ್ದಕ್ಕೆ ಸಂಬಂಧಿಸಿದ್ದು ಎಂದು ಇನ್ನೊಂದು ಕಡೆ ಓದಿದೆ. ನಮ್ಮ ಅಪಾರ್ಟ್‌ಮೆಂಟಿನ ವರ್ಗೀಸ್ ಅಂಕಲ್ ತಮ್ಮದೂ ಅದೇ ಹೆಸರು ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ವರ್ಗೀಸ್ ಅವರನ್ನು ನಂಬಬಹುದು. 'ರೈತ' ಎಂಬ ಅರ್ಥವೂ ಸರಿ. 'ಗೋ' ಶಬ್ದದ ಸಂಬಂಧ ಮಾತ್ರ ತಪ್ಪು. ಅದು ಏಕೆ ತಪ್ಪು ಎಂಬುದನ್ನು ಮುಂದೆ ವಿವರಿಸುತ್ತೇನೆ.

ನಿಮ್ಮ ಸಹೋದ್ಯೋಗಿಯ ಹೆಸರಿನ ಶಾಸ್ತ್ರೀಯ ರೂಪ 'ಗೆಓರ್ಗಿಯೊಸ್'. ಚರ್ಚಿನ ದೀಕ್ಷಾಸ್ನಾನದಲ್ಲಿ, ಪಾಸ್‌ಪೋರ್ಟಿನಲ್ಲಿ, ನ್ಯಾಯಾಲಯದ ಕಾಗದಪತ್ರಗಳಲ್ಲಿ ಬರೆಯುವುದು ಇದನ್ನೇ. ಗ್ರೀಕ್ ಅಕ್ಷರಗಳನ್ನು ಒಂದಕ್ಕೊಂದರಂತೆ ರೋಮನ್ ಲಿಪಿಗೆ ಇಳಿಸಿರುವುದರಿಂದ ಇಮೇಲ್‌ನಲ್ಲಿ ನಿಮಗೆ ಕಾಣುವುದೂ ಈ ರೂಪವೇ. ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಇದು 'ಯೋರ್ಗೊಸ್' ಆಗುತ್ತದೆ. ಶ್ರೀನಿವಾಸನನ್ನು ಸೀನ ಎಂದು ಕರೆದಂಥ ಸಲುಗೆ ಇದರಲ್ಲಿಲ್ಲ. ಪ್ರಧಾನಿಯಾಗಿದ್ದವರನ್ನೂ ಗ್ರೀಕರು ಯೋರ್ಗೊಸ್ ಎಂದೇ ಕರೆಯುತ್ತಾರೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಗೆಓರ್ಗಿಯೊಸ್ ತತ್ಸಮದಂತೆ, ಯೋರ್ಗೊಸ್ ತದ್ಭವದಂತೆ. ಲಕ್ಷ್ಮಣ ಎಂಬುದು ಜನರ ನಾಲಿಗೆಯಲ್ಲಿ ಉರುಳಿ ಲಕ್ಕಣ್ಣ ಆದ ಹಾಗೆಯೇ ಇದೂ ಶತಮಾನಗಳ ಬಳಕೆಯಲ್ಲಿ ಸವೆದು ನಯವಾದ ರೂಪ.

ಈಗ ಅರ್ಥಕ್ಕೆ ಬರೋಣ. ಹೆಸರಿನ ಬುಡದಲ್ಲಿರುವುದು 'ಗೆಓರ್ಗೊಸ್' ಎಂಬ ಹಳೆಯ ಗ್ರೀಕ್ ನಾಮಪದ. ಬೇಸಾಯಗಾರ ಎಂದು ಅದರ ಅರ್ಥ. ಅದರಲ್ಲಿ ಎರಡು ಪದಗಳು ಸಮಾಸವಾಗಿವೆ. ಮೊದಲನೆಯದು 'ಗೇ', ಅಂದರೆ ನೆಲ. ಜಿಯಾಗ್ರಫಿ, ಜಿಯಾಲಜಿ, ಜಿಯೊಮೆಟ್ರಿ ಪದಗಳ ಆರಂಭದಲ್ಲಿ ಇರುವುದೂ ಇದೇ. ಎರಡನೆಯದು 'ಎರ್ಗೊನ್', ಅಂದರೆ ಕೆಲಸ. ಬಹಳ ಹಿಂದೆ ಇದರ ಮೊದಲಿಗೆ ಒಂದು ವಕಾರವಿತ್ತು: 'ವೆರ್ಗೊನ್'. ಇಂಗ್ಲಿಷಿನ 'ವರ್ಕ್' ಇದರ ದಾಯಾದಿ ಎಂಬುದು ವಕಾರ ಸೇರಿಸಿದ ಕೂಡಲೇ ಕಿವಿಗೆ ತಿಳಿಯುತ್ತದೆ. ಎನರ್ಜಿ, ಮೆಟಲರ್ಜಿ ಪದಗಳ ಹಿಂಭಾಗದಲ್ಲಿಯೂ ಎರ್ಗೊನ್ ಇದೆ. 'ಖೇಯ್ರ್' ಎಂದರೆ ಕೈ, ಅದಕ್ಕೆ ಎರ್ಗೊನ್ ಸೇರಿ 'ಖೇಯ್ರೂರ್ಗೊಸ್', ಅಂದರೆ ಕೈಯಿಂದ ಕೆಲಸ ಮಾಡುವವನು. ಅದೇ ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಬಂದು ನಮ್ಮ ಆಸ್ಪತ್ರೆಗಳ 'ಸರ್ಜನ್' ಆಯಿತು. ಹೀಗೆ ಸರ್ಜನ್ ಮತ್ತು ಜಾರ್ಜ್ ಅರ್ಧ ಪದದ ಮಟ್ಟಿಗೆ ಒಡಹುಟ್ಟಿದವರು.

ನೆಲ ಮತ್ತು ಕೆಲಸ ಕೂಡಿದರೆ ಬೇಸಾಯವೇ ಏಕಾಗಬೇಕು, ಗಣಿ ಅಗೆಯುವವನೂ ನೆಲದಲ್ಲಿ ಕೆಲಸ ಮಾಡುವವನೇ ಅಲ್ಲವೇ ಎಂದು ಕೇಳಬಹುದು. ಹಳೆಯ ಗ್ರೀಕರ ಪಾಲಿಗೆ ಬರಿದೇ 'ಕೆಲಸ' ಎಂದರೂ ಮೊದಲು ನೆನಪಾಗುತ್ತಿದ್ದುದು ಹೊಲದ ಕೆಲಸ. ಎರ್ಗೊನ್ ಪದದ ಬಹುವಚನವಾದ 'ಎರ್ಗ' ಹಳೆಯ ಗ್ರೀಕ್ ಕಾವ್ಯಗಳಲ್ಲಿ ಎಷ್ಟೋ ಕಡೆ ಉತ್ತ ಹೊಲಗಳು ಎಂಬ ಅರ್ಥದಲ್ಲೇ ಬರುತ್ತದೆ. ಇದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಹಳಗನ್ನಡದ 'ಗೆಯ್' ಧಾತುವಿಗೆ ಮಾಡು ಎಂದರ್ಥ; ಅದೇ ಧಾತು ಹಳೆ ಮೈಸೂರಿನ ಹಳ್ಳಿಗಳಲ್ಲಿ 'ಗೇಯು', 'ಗೇಮೆ' ಎಂದು ಉಳಿದುಕೊಂಡು, ಹೆಚ್ಚಾಗಿ ಹೊಲಗದ್ದೆಯ ದುಡಿಮೆಗೇ ಮೀಸಲಾಯಿತು. 'ಗೇಮೆಗೆ ಹೋದ' ಎಂದರೆ ಅವನು ಬ್ಯಾಂಕಿಗೆ ಹೋದ ಎಂದು ಅಲ್ಲಿ ಯಾರೂ ತಿಳಿಯುವುದಿಲ್ಲ. 'ಬೇಸಾಯ' ಪದ ಬಂದಿರುವುದು ಸಂಸ್ಕೃತದ 'ವ್ಯವಸಾಯ'ದಿಂದ. ಮೂಲದಲ್ಲಿ ಅದಕ್ಕೂ ಪ್ರಯತ್ನ, ಉದ್ಯೋಗ ಎಂದಷ್ಟೇ ಅರ್ಥವಿತ್ತು. 'ಆರಂಭ' ಎಂದರೆ ಬೇಸಾಯ, 'ಆರಂಭಗಾರ' ಎಂದರೆ ರೈತ ಎಂಬ ಬಳಕೆಯೂ ನಮ್ಮಲ್ಲಿದೆ. ಆದ್ದರಿಂದ ಗೆಓರ್ಗೊಸ್ ಪದಕ್ಕೆ ಕನ್ನಡದಲ್ಲಿ ನಾನು 'ರೈತ' ಎನ್ನುವುದಿಲ್ಲ. ರೈತ ಎಂಬುದು ಅರಬ್ಬಿಯಿಂದ ಬಂದ ಕಂದಾಯದ ಮಾತು, ಅದರ ಮೂಲದ ಅರ್ಥ ಪ್ರಜೆ. 'ನೆಲ ಗೇಯುವವನು' ಎಂದರೆ ಗ್ರೀಕ್ ಸಮಾಸದ ಎರಡು ತುಂಡುಗಳೂ ಹಾಗೆ ಹಾಗೆಯೇ ಕನ್ನಡಕ್ಕೆ ಬರುತ್ತವೆ.

'ಗೋ' ಶಬ್ದದ ವಿಚಾರ. ಸಂಸ್ಕೃತದಲ್ಲಿ ಗೋ ಎಂದರೆ ಹಸು, ಕೋಶಗಳಲ್ಲಿ ಭೂಮಿ ಎಂಬ ಅರ್ಥವೂ ಇದೆ. ಗ್ರೀಕಿನಲ್ಲಿ ಗೇ ಎಂದರೆ ಭೂಮಿ. ಮೊದಲ ಅಕ್ಷರವೂ ಒಂದೇ. ಇಷ್ಟು ಸಾಕೆಂದು ನಂಟು ಕಟ್ಟುವವರು ಹಲವರಿದ್ದಾರೆ. ಆದರೆ ಭಾಷೆಗಳ ನಂಟನ್ನು ಧ್ವನಿಗಳ ನಿಯಮದಿಂದ ಅಳೆಯಬೇಕು, ಕಿವಿಗೆ ಬಿದ್ದ ಹೋಲಿಕೆಯಿಂದಲ್ಲ. ಸಂಸ್ಕೃತದ ಗೋ ಶಬ್ದದ ಆದಿಯ ಧ್ವನಿ ಗ್ರೀಕಿನಲ್ಲಿ ಬಕಾರವಾಗಿ ತಿರುಗಿತು. ಹೀಗಾಗಿ ಗೋ ಶಬ್ದದ ನಿಜವಾದ ಗ್ರೀಕ್ ಸೋದರ 'ಬೌಸ್', ಅಂದರೆ ಎತ್ತು ಅಥವಾ ಹಸು. ಒಂದೇ ಮೂಲದ ಪದ ಗ್ರೀಕಿನಲ್ಲಿ ಬಕಾರ ಹೊತ್ತು ಎದುರಿಗೇ ನಿಂತಿರುವಾಗ ಗೇ ಪದವನ್ನೂ ಅದರ ಸಂಬಂಧಿ ಎನ್ನಲು ದಾರಿಯಿಲ್ಲ. ನೆಲ ಗೇಯುವವನಿಗೆ ಎತ್ತು ಬೇಕು ಎಂಬುದು ಬೇರೆ ವಿಷಯ.

ಸಮಾಸ ಕೂಡಿಕೊಂಡ ರೀತಿಯಲ್ಲಿ ಒಂದು ಸೊಗಸು ಇದೆ. ಅದನ್ನು ಕನ್ನಡ ಲಿಪಿಯಲ್ಲಿ ತೋರಿಸುವಷ್ಟು ಚೆನ್ನಾಗಿ ದೇವನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ತೋರಿಸಲಾಗದು, ಏಕೆಂದರೆ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ನಾವೂ ಹಳೆಯ ಗ್ರೀಕರೂ ಬೇರೆ ಬೇರೆ ಅಕ್ಷರಗಳಿಂದಲೇ ಬರೆಯುತ್ತೇವೆ. ಪದದ ಪ್ರಾಚೀನ ರೂಪ 'ಗಾವೊರ್ಗೊಸ್' ಎಂದಿತ್ತು. ನಡುವಿನ ವಕಾರ ಬಿದ್ದುಹೋಗಿ, ಅಥೆನ್ಸ್ ಕಡೆಯ ಮಾತಿನಲ್ಲಿ ಆಕಾರ ಏಕಾರವಾಗಿ, 'ಗೇಒರ್ಗೊಸ್' ಆಯಿತು. ಆಮೇಲೆ ಅಕ್ಕಪಕ್ಕ ನಿಂತ ಎರಡು ಸ್ವರಗಳು ತಮ್ಮ ಉದ್ದವನ್ನು ಅದಲು ಬದಲು ಮಾಡಿಕೊಂಡವು: ಏ ಇದ್ದದ್ದು ಎ ಆಯಿತು, ಒ ಇದ್ದದ್ದು ಓ ಆಯಿತು, 'ಗೇಒರ್ಗೊಸ್' ಹೋಗಿ 'ಗೆಓರ್ಗೊಸ್' ನಿಂತಿತು. ಹೆಸರಿನ ಕಾಗುಣಿತದಲ್ಲಿ ಈ ದೀರ್ಘ ಓಕಾರ, ಅಂದರೆ ಒಮೇಗ ಎಂಬ ಅಕ್ಷರ, ಇವತ್ತಿಗೂ ಇದೆ.

'ಗೆಓರ್ಗೊಸ್' ಎಂಬ ನಾಮಪದಕ್ಕೆ 'ಇಯೊಸ್' ಪ್ರತ್ಯಯ ಹತ್ತಿದಾಗ 'ಗೆಓರ್ಗಿಯೊಸ್' ಎಂಬ ಅಂಕಿತನಾಮ ದೊರೆಯುತ್ತದೆ: ಬೇಸಾಯಗಾರನಿಗೆ ಸಂಬಂಧಿಸಿದವನು ಎಂದು. ದಿಯೊನೂಸೊಸ್ ದೇವತೆಯಿಂದ ದಿಯೊನೂಸಿಯೊಸ್, ದೇಮೇತೇರ್ ದೇವತೆಯಿಂದ ದೇಮೇತ್ರಿಯೊಸ್ ಬಂದದ್ದೂ ಹೀಗೆಯೇ. 'ಗ್ರಾಮ'ದಿಂದ 'ಗ್ರಾಮ್ಯ' ಮಾಡುವ ಸಂಸ್ಕೃತದ ಯಪ್ರತ್ಯಯ ಇದರ ಸೋದರ ಪ್ರತ್ಯಯ, ಈ ನಂಟಿಗೆ ಧ್ವನಿ ನಿಯಮದ ಒಪ್ಪಿಗೆಯೂ ಇದೆ. ಹೆಣ್ಣುಮಕ್ಕಳಿಗೆ ಇಡುವ 'ಗೆಓರ್ಗಿಯಾ' ಎಂಬ ಹೆಸರಿನ ಸಂಗತಿ ಇನ್ನೂ ಸ್ವಾರಸ್ಯದ್ದು: ಕಾಗುಣಿತದಲ್ಲಾಗಲಿ ಒತ್ತಿನಲ್ಲಾಗಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಪದ ಗ್ರೀಕಿನಲ್ಲಿ 'ಬೇಸಾಯ' ಎಂಬುದಕ್ಕೂ ಸಲ್ಲುತ್ತದೆ. ಮಗಳಿಗೆ ಬೇಸಾಯ ಎಂದು ಹೆಸರಿಟ್ಟಂತೆ. ಆದರೆ ಗ್ರೀಕರಿಗೆ ಅದು ಅಷ್ಟಾಗಿ ಹೊಳೆಯುವುದಿಲ್ಲ, ನಮ್ಮ ಯಾವ ಊರಿನ ಸುಬ್ಬಣ್ಣನನ್ನು ಕಂಡರೂ 'ಬ್ರಹ್ಮಣ್ಯ' ಪದದ ಅರ್ಥ ಯಾರಿಗೂ ನೆನಪಾಗದ ಹಾಗೆ.

ಇನ್ನು ಉಚ್ಚಾರ. ಹಳೆಯ ಗ್ರೀಕಿನಲ್ಲಿ ಗಕಾರ ನಮ್ಮ ಗಕಾರದಂತೆಯೇ ಇತ್ತು. ಕಾಲ ಕಳೆದಂತೆ ಅದು ಸಡಿಲವಾಗಿ, ಎ ಮತ್ತು ಇ ಸ್ವರಗಳ ಮುಂದೆ ಯಕಾರದಂತೆಯೂ ಉಳಿದ ಕಡೆ ಉರ್ದು ಬಲ್ಲವರು ಗಜಲ್ ಎನ್ನುವಾಗ ಬರುವ ಗಂಟಲಿನ ಗಕಾರದಂತೆಯೂ ಆಯಿತು. ಆದ್ದರಿಂದ ಇಂದಿನ ಗ್ರೀಕರು ಗೆಓರ್ಗಿಯೊಸ್ ಎಂಬುದನ್ನು ಓದುವುದು 'ಯೆಓರ್ಯಿಯೊಸ್' ಎಂದು, ಯೋರ್ಗೊಸ್ ಎಂಬಲ್ಲಿಯೂ ಮೊದಲ ಗಕಾರ ಯಕಾರವಾಗಿದೆ. ಪಶ್ಚಿಮದ ಕಡೆಗೆ ಹೋದ ಹೆಸರಿನಲ್ಲಿ ಅದೇ ಸ್ವರಗಳ ಸಹವಾಸದಿಂದ ಗಕಾರ ಜಕಾರವಾಯಿತು. ಇಂಗ್ಲಿಷಿನ ಜಾರ್ಜ್, ಇಟಲಿಯ ಜಾರ್ಜೊ ಹುಟ್ಟಿದ್ದು ಹೀಗೆ. ಎ, ಇ ಸ್ವರಗಳ ಮುಂದೆ ಕಂಠ್ಯ ಧ್ವನಿ ಮುಂದಕ್ಕೆ ಜಾರುವುದು ನಮ್ಮ ನೆರೆಹೊರೆಯಲ್ಲೂ ಇದೆ: ನಾವು ಕಿವಿ ಎನ್ನುವುದನ್ನು ತಮಿಳರು, ತೆಲುಗರು ಚೆವಿ ಎನ್ನುತ್ತಾರೆ, ಮೇಲೆ ಹೇಳಿದ ಗೆಯ್ ಧಾತುವೂ ತೆಲುಗಿನಲ್ಲಿ ಚೇಯು. ಕನ್ನಡ ಮಾತ್ರ ಹಳೆಯ ಧ್ವನಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

ಹೆಸರಿನ ಅರ್ಥ ಇಷ್ಟು ಸ್ಪಷ್ಟವಾಗಿದ್ದರೂ ಅದು ಮನೆಮನೆಗೆ ಹಬ್ಬಿದ್ದು ಅರ್ಥದ ಬಲದಿಂದಲ್ಲ. ಪ್ರಾಚೀನ ಅಥೆನ್ಸ್‌ನಲ್ಲಿ ಜೀಯಸ್ ದೇವನಿಗೆ 'ಗೆಓರ್ಗೊಸ್' ಎಂಬ ವಿಶೇಷಣದಿಂದ ಪೂಜೆ ಸಲ್ಲುತ್ತಿತ್ತು ಎಂಬುದೇನೋ ನಿಜ. ಆದರೆ ಗೆಓರ್ಗಿಯೊಸ್ ಎಂಬ ಹೆಸರು ಜನಪ್ರಿಯವಾದದ್ದು ಕ್ರೈಸ್ತ ಸಂತನೊಬ್ಬನ ಮೂಲಕ. ಆತ ರೋಮನ್ ಸೇನೆಯಲ್ಲಿದ್ದವನು, ಚಕ್ರವರ್ತಿ ಡಯೊಕ್ಲೀಶಿಯನ್ ಕ್ರೈಸ್ತರನ್ನು ಪೀಡಿಸುತ್ತಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 303ರಲ್ಲಿ, ಏಪ್ರಿಲ್ 23ರಂದು ಧರ್ಮಕ್ಕಾಗಿ ಪ್ರಾಣ ಕೊಟ್ಟವನು ಎಂಬುದು ಸಂಪ್ರದಾಯದ ನಂಬಿಕೆ. ಅವನ ಸಮಾಧಿಯ ಸ್ಥಳವೆಂದು ಪ್ರಸಿದ್ಧವಾದ ಲಿದ್ದಾ ಇಂದಿನ ಇಸ್ರೇಲಿನ ಲೋದ್ ಪಟ್ಟಣ. ಸಿರಿಯಾದ ಎಜ್ರಾ ಎಂಬಲ್ಲಿ ಅವನ ಹೆಸರಿನ ಒಂದು ಚರ್ಚ್ ಇದೆ, ಅದರ ಶಾಸನದ ಕಾಲ 515. ಕುದುರೆಯ ಮೇಲೆ ಕುಳಿತು ಘಟಸರ್ಪವನ್ನು ಈಟಿಯಿಂದ ತಿವಿಯುವ ಕಥೆ ಇದಕ್ಕಿಂತ ಎಷ್ಟೋ ಶತಮಾನಗಳ ನಂತರ ಸೇರಿಕೊಂಡದ್ದು.

ಗ್ರೀಕ್ ಚರ್ಚಿನ ಸ್ತೋತ್ರಕಾರರಿಗೆ ಮಾತ್ರ ಹೆಸರಿನ ಅರ್ಥ ಮರೆತಿರಲಿಲ್ಲ. ಸಂತನ ದಿನ ಹಾಡುವ ಸ್ತೋತ್ರವೊಂದು 'ಗೆಓರ್ಗೇಥೇಯ್ಸ್' ಎಂಬ ಪದದಿಂದ ಆರಂಭವಾಗುತ್ತದೆ, ಅಂದರೆ ಬೇಸಾಯ ಕಂಡವನು, ಉಳುಮೆಯಿಂದ ಹದಗೊಂಡವನು. ಭಾವ ಇಷ್ಟು: ದೇವರ ಉಳುಮೆಯಲ್ಲಿ ಹದಗೊಂಡ ನೀನು ಭಕ್ತಿಯ ಬೇಸಾಯಗಾರನಾದೆ, ಸದ್ಗುಣಗಳ ಸಿವುಡುಗಳನ್ನು ಕಟ್ಟಿ ಒಟ್ಟಿದೆ, ಕಣ್ಣೀರಿನಲ್ಲಿ ಬಿತ್ತಿ ಸಂತೋಷದಲ್ಲಿ ಕೊಯ್ಯುತ್ತಿದ್ದೀಯೆ. ಉಳುಮೆ, ಬಿತ್ತನೆ, ಕೊಯ್ಲು, ಸಿವುಡು, ಎಲ್ಲವೂ ಒಬ್ಬ ಸೈನಿಕನ ಸ್ತುತಿಯಲ್ಲಿ! ನಮ್ಮ ಕವಿಗಳು ಶ್ಲೇಷೆ ಎಂದು ಮೆಚ್ಚುವುದು ಇದನ್ನೇ.

ಸಂತನ ದಿನ ವಸಂತದಲ್ಲಿ ಬರುವುದರಿಂದ ಅದು ಹಳ್ಳಿಗರ ಪಂಚಾಂಗದಲ್ಲೂ ಮೈಲಿಗಲ್ಲಾಯಿತು. ಗ್ರೀಸ್ ಮತ್ತು ಬಾಲ್ಕನ್ ನಾಡುಗಳ ಕುರಿಗಾಹಿಗಳು ಈ ಹೊತ್ತಿಗೆ ಮಂದೆಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಹತ್ತಿಸುತ್ತಿದ್ದರು, ಅಕ್ಟೋಬರ್ 26ರ ಸಂತ ದಿಮಿತ್ರಿಯೊಸ್‌ನ ದಿನದ ಹೊತ್ತಿಗೆ ಬಯಲಿಗೆ ಇಳಿಸುತ್ತಿದ್ದರು. ಕೂಲಿಯ ಕರಾರುಗಳೂ ಈ ಎರಡು ದಿನಗಳ ಲೆಕ್ಕದಲ್ಲೇ ನಡೆಯುತ್ತಿದ್ದವು. ಇಸ್ತಾಂಬುಲ್ ಬಳಿಯ ಬ್ಯುಯುಕದಾ ದ್ವೀಪದ ಬೆಟ್ಟದ ಮೇಲಿರುವ ಯೋರ್ಗಿ ಸಂತನ ಮಠಕ್ಕೆ ಏಪ್ರಿಲ್ 23ರಂದು ಹರಕೆ ಹೊತ್ತು ಹತ್ತುವವರಲ್ಲಿ ಮುಸ್ಲಿಮರೂ ಬಹಳ ಮಂದಿ.

ಒಂದು ಮನೆತನದಲ್ಲಿ ಹೆಸರು ಮರಳಿ ಮರಳಿ ಬರುವುದಕ್ಕೆ ಇನ್ನೊಂದು ಕಾರಣ ಅಜ್ಜ. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಗ್ರೀಕರ ಪದ್ಧತಿ. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿದೆ. ಆದರೆ ಮಾವನ ಹೆಸರನ್ನು ಸೊಸೆ ಬಾಯಿ ಬಿಟ್ಟು ಹೇಳಬಾರದೆಂದು ಆ ಮಗುವನ್ನು ಪುಟ್ಟಣ್ಣ, ಅಪ್ಪಣ್ಣ ಎಂದು ಕರೆಯಬೇಕಾಗುತ್ತಿತ್ತು. ಗ್ರೀಕ್ ಸೊಸೆಗೆ ಆ ಕಟ್ಟಿಲ್ಲ, ಅವಳು ಧಾರಾಳವಾಗಿ 'ಯೋರ್ಗಾಕಿ' ಎಂದು ಮಗುವನ್ನು ಮುದ್ದಿಸುತ್ತಾಳೆ. ಪದ್ಧತಿಯ ಪ್ರಸಿದ್ಧ ಉದಾಹರಣೆ ಪಾಪಂದ್ರೆಯು ಮನೆತನ. ಗೆಓರ್ಗಿಯೊಸ್ ಪಾಪಂದ್ರೆಯು (1888–1968) ಪ್ರಧಾನಿಯಾಗಿದ್ದರು. ಅವರ ಮಗ ಅಂದ್ರೆಯಸ್ ಪ್ರಧಾನಿಯಾದರು. 2009ರಿಂದ 2011ರವರೆಗೆ ಪ್ರಧಾನಿಯಾಗಿದ್ದ ಮೊಮ್ಮಗನ ಹೆಸರು ಮತ್ತೆ ಗೆಓರ್ಗಿಯೊಸ್.

ಮನೆತನದ ಹೆಸರುಗಳೂ ಇದರಿಂದ ಹುಟ್ಟಿವೆ. 'ಗೆಓರ್ಗಿಯು' ಎಂದರೆ ಷಷ್ಠೀ ವಿಭಕ್ತಿ, ಗೆಓರ್ಗಿಯೊಸ್‌ನ ಮಗ ಎಂದು; ಸೈಪ್ರಸ್‌ನಲ್ಲಿ ಇದು ಹೆಚ್ಚು. 'ಪಾಪಗೆಓರ್ಗಿಯು' ಎಂದರೆ ಪಾದ್ರಿ ಗೆಓರ್ಗಿಯೊಸ್‌ನ ವಂಶದವನು. ಗ್ರೀಕ್ ಚರ್ಚಿನಲ್ಲಿ ಊರಿನ ಪಾದ್ರಿ ಸಂಸಾರಸ್ಥನಾಗಿರಬಹುದು.

ಲೋಕದ ತುಂಬ ಹರಡಿದ ರೂಪಗಳನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಸ್ಪೇನಿನ ಹೊರ್ಹೆ, ಜರ್ಮನಿಯ ಯ್ಯುರ್ಗೆನ್, ಹಂಗೆರಿಯ ಜ್ಯೊರ್ಜ್ ಎಲ್ಲ ಇದೇ. ರಷ್ಯದ 'ಯೂರಿ'ಯೂ ಇದೇ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಬಾಹ್ಯಾಕಾಶಕ್ಕೆ ಹಾರಿದ ಮೊದಲ ಮನುಷ್ಯ ಯೂರಿ ಗಗಾರಿನ್ ಅವರ ಹೆಸರಿನಲ್ಲಿ ಅಡಗಿರುವುದು ನೆಲ. ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಹೆಸರು ಬಂದದ್ದು 1732ರಲ್ಲಿ ಸನ್ನದು ಕೊಟ್ಟ ಎರಡನೆಯ ಜಾರ್ಜ್ ದೊರೆಯಿಂದ. ಕಾಕಸಸ್‌ನ ಜಾರ್ಜಿಯಾ ದೇಶದ ಕಥೆ ಬೇರೆ: ಆ ಹೆಸರು ಪರ್ಷಿಯನ್ನರ 'ಗುರ್ಜ್' ಎಂಬುದರಿಂದ ಬಂದದ್ದು, ಸಂತನಿಗೆ ಅದನ್ನು ಜೋಡಿಸಿದ್ದು ಆಮೇಲಿನವರು. ಅಲ್ಲಿಯ ಜನ ತಮ್ಮ ದೇಶವನ್ನು ಸಾಕಾರ್ತ್ವೆಲೊ ಎನ್ನುತ್ತಾರೆ.

ನಮ್ಮ ದಕ್ಷಿಣಕ್ಕೆ ಈ ಹೆಸರು ಬಂದದ್ದು ಎರಡು ದಾರಿಗಳಿಂದ. ಹಳೆಯ ದಾರಿ ಸಿರಿಯಾಕ್ ಭಾಷೆಯದು. ಗ್ರೀಕ್ ಹೆಸರು ಸಿರಿಯಾಕ್‌ನಲ್ಲಿ 'ಗಿವರ್ಗಿಸ್' ಆಗಿ, ಆ ಭಾಷೆಯಲ್ಲಿ ಪೂಜಾವಿಧಿ ನಡೆಸುತ್ತಿದ್ದ ಕೇರಳದ ಕ್ರೈಸ್ತರಲ್ಲಿ 'ಗೀವರ್ಗೀಸ್' ಆಗಿ, ಮೊದಲಕ್ಷರ ಉದುರಿ 'ವರ್ಗೀಸ್' ಆಯಿತು. ನಿಮ್ಮ ನೆರೆಯವರ ಹೆಸರಿನ ವಂಶವೃಕ್ಷ ಇದೇ. ಇನ್ನೊಂದು ದಾರಿ ಪೋರ್ಚುಗೀಸರದು ಮತ್ತು ಇಂಗ್ಲಿಷರದು. ಮಂಗಳೂರಿನಲ್ಲಿ 1930ರ ಜೂನ್ 3ರಂದು ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರಿಗೆ ಆ ಹೆಸರು ಬಂದದ್ದು ಅದೇ ಜೂನ್ 3ರಂದು ಹುಟ್ಟಿದ್ದ ಐದನೆಯ ಜಾರ್ಜ್ ದೊರೆಯಿಂದ. ತಾಯಿಗೆ ದೊರೆಯ ಮೇಲೆ ಅಭಿಮಾನವಿತ್ತು. ರೈಲ್ವೆ ಮುಷ್ಕರದ ನಾಯಕನಿಗೆ ದೊರೆಯ ಹೆಸರು. ಒಳಗೆ ನೋಡಿದರೆ ಅದು ದುಡಿಮೆಗಾರನ ಹೆಸರು.

ಆದರೆ ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ವರ್ಗೀಸ್ ಕುರಿಯನ್ ಅವರ ಹೆಸರು. ಕಲ್ಲಿಕೋಟೆಯಲ್ಲಿ 1921ರಲ್ಲಿ ಹುಟ್ಟಿ, ಬೆಂಗಳೂರಿನ ಡೇರಿ ಸಂಸ್ಥೆಯಲ್ಲೂ ಕೆಲಕಾಲ ತರಬೇತಿ ಪಡೆದು, 1949ರಲ್ಲಿ ಗುಜರಾತಿನ ಆಣಂದ್ ಸೇರಿ, ಹಾಲು ಉತ್ಪಾದಿಸುವ ರೈತರ ಸಹಕಾರ ಸಂಘಗಳನ್ನು ಕಟ್ಟಿದವರು ಅವರು. ವರ್ಗೀಸ್ ಎಂದರೆ ಗೆಓರ್ಗಿಯೊಸ್, ಬೇಸಾಯಗಾರ. ಕುರಿಯನ್ ಎಂದರೆ 'ಕುರಿಯಾಕೋಸ್', ಗ್ರೀಕಿನ 'ಕಿರಿಯಾಕೊಸ್', ಒಡೆಯನಿಗೆ ಸೇರಿದವನು. ಎರಡೂ ಪದಗಳು ಗ್ರೀಕ್. ಲಂಡನ್ನಿನಲ್ಲಿ 1963ರಲ್ಲಿ ಸೈಪ್ರಸ್ ಮೂಲದ ಗ್ರೀಕ್ ತಂದೆಗೆ ಹುಟ್ಟಿ ಮುಂದೆ ಜಾರ್ಜ್ ಮೈಕಲ್ ಎಂದು ಜಗತ್ತಿಗೆ ಪರಿಚಿತನಾದ ಪಾಪ್ ಗಾಯಕನಿಗೆ ಮನೆಯವರು ಇಟ್ಟ ಹೆಸರು ಗೆಓರ್ಗಿಯೊಸ್ ಕಿರಿಯಾಕೊಸ್ ಪನಾಯೊತು. ಮೊದಲ ಎರಡು ಹೆಸರುಗಳನ್ನು ಕೇರಳದ ರೀತಿಯಲ್ಲಿ ಹೇಳಿದರೆ ವರ್ಗೀಸ್ ಕುರಿಯನ್!

ಇನ್ನು 'ಯೋರ್ಗೊ' ಎಂಬುದರ ಬಗ್ಗೆ. ಅದು ಬೇರೆ ಹೆಸರಲ್ಲ, ಸಂಬೋಧನೆ. ಸಂಸ್ಕೃತದಲ್ಲಿ 'ರಾಮಃ' ಎಂಬ ಪ್ರಥಮಾ ವಿಭಕ್ತಿಯ ವಿಸರ್ಗ 'ಹೇ ರಾಮ' ಎನ್ನುವಾಗ ಬಿದ್ದುಹೋಗುವ ಹಾಗೆಯೇ ಗ್ರೀಕಿನ ಕೊನೆಯ ಸಕಾರವೂ ಕರೆಯುವಾಗ ಬಿದ್ದುಹೋಗುತ್ತದೆ. ಆ ವಿಸರ್ಗ ಮತ್ತು ಈ ಸಕಾರ ಮೂಲದಲ್ಲಿ ಒಂದೇ. ಆದ್ದರಿಂದ ಅವರ ಬಗ್ಗೆ ಬೇರೆಯವರೊಡನೆ ಮಾತಾಡುವಾಗ ಯೋರ್ಗೊಸ್ ಎನ್ನಿ, ಅವರನ್ನೇ ಕರೆಯುವಾಗ ಯೋರ್ಗೊ ಎನ್ನಿ.

ಗ್ರೀಕರು ಹುಟ್ಟುಹಬ್ಬದಷ್ಟೇ, ಎಷ್ಟೋ ಮನೆಗಳಲ್ಲಿ ಅದಕ್ಕಿಂತ ಹೆಚ್ಚಾಗಿ, ಹೆಸರಿನ ಹಬ್ಬವನ್ನು ಆಚರಿಸುತ್ತಾರೆ. ಅವರ ದಿನ ಏಪ್ರಿಲ್ 23. ಆದರೆ ಆ ವರ್ಷದ ಈಸ್ಟರ್ ಅಷ್ಟರೊಳಗೆ ಮುಗಿದಿರದಿದ್ದರೆ ಹಬ್ಬ ಈಸ್ಟರಿನ ಮರುದಿನದ ಸೋಮವಾರಕ್ಕೆ ಹೋಗುತ್ತದೆ, ಉಪವಾಸದ ದಿನಗಳಲ್ಲಿ ಸಂಭ್ರಮ ಸಲ್ಲದು ಎಂದು. 2024ರಲ್ಲಿ ಗ್ರೀಕರ ಈಸ್ಟರ್ ಮೇ 5ರಂದು ಬಂದದ್ದರಿಂದ ಯೋರ್ಗೊಸ್‌ಗಳ ಹಬ್ಬ ಮೇ 6ಕ್ಕೆ ಸರಿಯಿತು. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೇ ಮುಗಿದು ಹಬ್ಬ 23ರಂದೇ ನಡೆಯಿತು. ಕ್ಯಾಲೆಂಡರ್ ನೋಡಿಕೊಂಡು ಆ ದಿನ 'ಖ್ರೋನ್ಯಾ ಪೊಲ್ಲಾ, ಯೋರ್ಗೊ' ಎಂದು ಹೇಳಿ. ನೂರ್ಕಾಲ ಬಾಳು ಎಂಬ ಅರ್ಥದ ಹಾರೈಕೆ ಅದು. ಸಿಹಿ ತರಿಸುವ ಹೊಣೆ ಆ ದಿನ ಅವರದು.